ತಪ್ಪಲೆಯಲ್ಲಿ ಉಳಿದ ಬಿಸಿ

"ಗುರುಗಳೇ, ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಲು ಬರುವವನು ಅವಸರ ಏಕೆ ಪಡಬೇಕು?" ಎಂದು ಕೊಟ್ರಯ್ಯ ಕೇಳಿದ.

ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. ಪಂಡಿತರ ಬಳಿ ವೈದ್ಯ ಕಲಿಯಲು ಬಂದು ಅವನಿಗೆ ಆರು ವರ್ಷವಾಗಿತ್ತು. ಆ ಬೆಳಿಗ್ಗೆ ಅವನ ಅಕ್ಕನ ಊರಿನಿಂದ ಒಬ್ಬ ಆಳು ಬಂದಿದ್ದ. ಅಕ್ಕ ಹಾಸಿಗೆ ಹಿಡಿದಿದ್ದಾಳೆ, ತಮ್ಮನನ್ನು ಒಮ್ಮೆ ನೋಡಬೇಕು ಎನ್ನುತ್ತಿದ್ದಾಳೆ ಎಂದು ಹೇಳಿದ್ದ. ಕೊಟ್ರಯ್ಯ ಆಳನ್ನು ಕೂರಿಸಿಕೊಂಡು ಅಕ್ಕನ ಜ್ವರ, ನಿದ್ದೆ, ಊಟ ಎಲ್ಲವನ್ನೂ ಕೇಳಿ ತಿಳಿದುಕೊಂಡ. ಮನಸ್ಸಿನಲ್ಲೇ ಕೂಡಿಸಿ ಕಳೆದು ನೋಡಿದ. ಇನ್ನು ಹದಿನೈದು ದಿನ ಭಯವಿಲ್ಲ ಎಂದು ಅವನಿಗೆ ತೋರಿತು. ಒಲೆಯ ಮೇಲೆ ಲೇಹವಿತ್ತು. ಆ ಕೆಲಸ ಮುಗಿದು ಭರಣಿಗೆ ತುಂಬಲು ನಾಲ್ಕು ದಿನ ಬೇಕು. ಅದನ್ನು ಮುಗಿಸಿಕೊಂಡೇ ಹೊರಟರಾಯಿತು ಎಂಬುದು ಅವನ ಎಣಿಕೆ.

ಪಂಡಿತರು ಮುಂಗೋಪಿ. ಇನ್ನೊಂದು ದಿನವಾಗಿದ್ದರೆ ಬೈದು ಎಬ್ಬಿಸುತ್ತಿದ್ದರು. ಆವತ್ತು ಬೈಯಲಿಲ್ಲ. ಕುಟ್ಟಾಣಿಯನ್ನು ಪಕ್ಕಕ್ಕೆ ಸರಿಸಿ, ಕೂತುಕೋ ಎಂದು ಕೈಸನ್ನೆ ಮಾಡಿ, ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯರಿದ್ದರು. ವಯಸ್ಸಾದವರು, ಮಕ್ಕಳಿಲ್ಲದವರು. ಅವರಿಗೊಬ್ಬ ಶಿಷ್ಯ. ಚುರುಕು ಬುದ್ಧಿಯವನು, ನಿನಗಿಂತ ಒಂದು ಕೈ ಮೇಲು ಎಂದೇ ಇಟ್ಟುಕೋ. ತಾನು ಚುರುಕು ಎಂಬುದು ಅವನಿಗೂ ಚೆನ್ನಾಗಿ ಗೊತ್ತಿತ್ತು, ಬಂದ ಕಷ್ಟವೇ ಅದು.

ಆ ವೈದ್ಯರ ಕಷಾಯವನ್ನು ಹದವಾದ ಬಿಸಿಯಲ್ಲಿಯೇ ಕುಡಿಯಬೇಕು. ಬಿಸಿ ಹೆಚ್ಚಾದರೆ ರೋಗಿಗೆ ಹೊಟ್ಟೆಯುರಿ, ತಣ್ಣಗಾದರೆ ಮದ್ದು ದಂಡ. ರೋಗಿಯ ಮನೆಯೋ ಎಲ್ಲೋ ದೂರ. ಇಲ್ಲಿ ಒಲೆಯಿಂದ ಇಳಿಸಿದ ಪಾತ್ರೆ ಅಲ್ಲಿಗೆ ತಲುಪುವ ಹೊತ್ತಿಗೆ ಎಷ್ಟು ಆರಿರುತ್ತದೆ ಎಂದು ಗೊತ್ತಿರಬೇಕಲ್ಲ. ಆದ್ದರಿಂದ ಶಿಷ್ಯನಿಗೆ ಮೊದಲ ಪಾಠವೇ ಅದು. ವೈದ್ಯರು ಒಂದು ತಾಮ್ರದ ತಪ್ಪಲೆಯಲ್ಲಿ ನೀರು ಕುದಿಸುವರು. ಇಳಿಸಿ ಜಗಲಿಯ ಮೇಲಿಡುವರು. ಆಮೇಲೆ ಯಾವಾಗಲೋ ಶಿಷ್ಯನನ್ನು ಕರೆದು ಬೆರಳು ಅದ್ದಿಸಿ, ಇಳಿಸಿ ಎಷ್ಟು ಗಳಿಗೆಯಾಯಿತು ಹೇಳು ಎನ್ನುವರು. ತಪ್ಪು ಹೇಳಿದರೆ ಮತ್ತೆ ಸೌದೆ ತಾ, ಮತ್ತೆ ಕುದಿಸು. ವರ್ಷಗಟ್ಟಲೆ ಇದೇ ನಡೆಯಿತು. ಶಿಷ್ಯನ ಬೆರಳು ಎಷ್ಟು ಸಲ ಸುಟ್ಟಿತೋ ಲೆಕ್ಕವಿಲ್ಲ.

ಅದರೊಳಗಿನ ನಿಯಮ ಇಷ್ಟೇ. ನೀರಿನ ಬಿಸಿ ಎಂದರೆ ಸುತ್ತಲಿನ ಗಾಳಿಗಿಂತ ಅದು ಎಷ್ಟು ಹೆಚ್ಚು ಸುಡುತ್ತದೋ ಅಷ್ಟು. ಆ ಅಂತರ ದೊಡ್ಡದಿದ್ದಾಗ ಬಿಸಿ ಓಡಿ ಹೋಗುತ್ತದೆ. ಅಂತರ ಸಣ್ಣದಾದ ಹಾಗೆ ಕಾಲೆಳೆಯುತ್ತದೆ. ಆ ತಪ್ಪಲೆಯಲ್ಲಿ ಎರಡು ಗಳಿಗೆಗೆ ಅರ್ಧ ಬಿಸಿ ಹೋಗುತ್ತಿತ್ತು. ಇನ್ನೆರಡು ಗಳಿಗೆಗೆ ಮಿಕ್ಕ ಅರ್ಧವೂ ಹೋಗುತ್ತದೆ ಎಂದು ತಿಳಿಯದವರು ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಉಳಿದದ್ದರಲ್ಲಿ ಅರ್ಧ ಹೋಗಿ ಕಾಲು ಉಳಿಯುತ್ತದೆ. ಮತ್ತೆರಡು ಗಳಿಗೆ ಕಳೆದರೆ ಅರೆಕಾಲು ಉಳಿಯುತ್ತದೆ. ಹೀಗೆ ಇಳಿಯುತ್ತಲೇ ಹೋಗುತ್ತದೆ, ಪೂರ್ತಿ ಮುಗಿಯಿತು ಎನ್ನುವ ಗಳಿಗೆ ಮಾತ್ರ ಬರುವುದಿಲ್ಲ. ಕೊನೆಯ ಬಿಸಿಯೇ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಈ ಮಾತು ಶಿಷ್ಯನಿಗೆ ಬಹಳ ಹಿಡಿಸಿತು. ಲೋಕದ ಬೀಗದಕೈ ತನಗೆ ಸಿಕ್ಕಿತು ಎಂದುಕೊಂಡ.

ಕಲಿತು ಮುಗಿಯಿತು. ಅವನು ಹೊಳೆಯಾಚೆಯ ಪಟ್ಟಣದಲ್ಲಿ ಮನೆ ಹೂಡಿ ವೈದ್ಯ ಶುರುಮಾಡಿದ. ಹೊರಡುವ ದಿನ ಗುರುಗಳು ಏನನ್ನೂ ಕೇಳಲಿಲ್ಲ. ಹೇಳಿ ಕಳಿಸಿದರೆ ಬಾರಪ್ಪ ಎಂದಷ್ಟೇ ಹೇಳಿದರು. ಬರುತ್ತೇನೆ ಎಂದು ಅವನು ಕಾಲು ಮುಟ್ಟಿ ನಮಸ್ಕರಿಸಿದ. ಆಮೇಲೆ ಏಳು ವರ್ಷ ಅತ್ತ ತಲೆ ಹಾಕಲಿಲ್ಲ. ಕೆಲಸ ಹೆಚ್ಚು, ಹೆಸರು ಹೆಚ್ಚು, ಇವತ್ತು ನಾಳೆ ಎನ್ನುವುದರಲ್ಲೇ ದಿನ ಹೋಯಿತು.

ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಗುರುಗಳ ಮನೆಯ ಆಳು ಬಾಗಿಲಿಗೆ ಬಂದ. ಅಯ್ಯನವರು ಮಲಗಿಬಿಟ್ಟಿದ್ದಾರೆ, ನಿಮ್ಮನ್ನು ಕರೆದುಕೊಂಡು ಬಾ ಎಂದಿದ್ದಾರೆ ಎಂದ. ತರುಣ ವೈದ್ಯ ಗಾಬರಿಯಾದ, ಅದು ನಿಜ. ಕೂಡಲೇ ಹೊರಟ, ಅದೂ ನಿಜ. ಆದರೆ ದಾರಿಯಲ್ಲಿ ನಡೆಯುತ್ತಾ ಊಟ ಹೇಗಿದೆ ಎಂದು ಕೇಳಿದ. ಆಳು ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೊದಲ ದಿನ ಎಂಟು ತುತ್ತು ಗಂಜಿ ಕುಡಿದರು, ಮಾರನೆಯ ದಿನ ನಾಲ್ಕು, ಆಮೇಲೆ ಎರಡು, ನಿನ್ನೆ ಒಂದೇ ತುತ್ತು.

ಇದನ್ನು ಕೇಳಿ ಬೇರೆ ಯಾರೇ ಆಗಲಿ ಓಡುತ್ತಿದ್ದರು. ನಮ್ಮ ಪುಣ್ಯಾತ್ಮನ ನಡಿಗೆ ನಿಧಾನವಾಯಿತು. ಅವನಿಗೆ ತಪ್ಪಲೆ ನೆನಪಾಯಿತು. ಎಂಟು, ನಾಲ್ಕು, ಎರಡು, ಒಂದು. ಇವತ್ತು ಅರ್ಧ, ನಾಳೆ ಕಾಲು, ನಾಡಿದ್ದು ಅರೆಕಾಲು. ಇಳಿಯುವ ವೇಗವೇ ಇಳಿಯುತ್ತಿದೆ. ಗುರುಗಳ ಜೀವ ಇನ್ನು ಬಹಳ ದಿನ ಹೀಗೆಯೇ ಸಣ್ಣಗೆ ಉಳಿದಿರುತ್ತದೆ ಎಂದು ಅವನಿಗೆ ಸಮಾಧಾನವಾಯಿತು. ಲೆಕ್ಕವೇನೋ ಅಚ್ಚುಕಟ್ಟಾಗಿತ್ತು.

ಅರ್ಧ ದಾರಿಯಲ್ಲಿ ಒಂದು ಛತ್ರ. ಮೆಣಸು ಹೇರಿಕೊಂಡ ಎತ್ತುಗಳನ್ನು ಬಿಚ್ಚಿ ಕೆಲವು ವ್ಯಾಪಾರಿಗಳು ಅಡುಗೆ ಮಾಡಿಕೊಳ್ಳುತ್ತಿದ್ದರು. ನೀರು ಕುಡಿಯಲು ಅವನು ಅಲ್ಲಿ ನಿಂತ. ಒಬ್ಬ ವ್ಯಾಪಾರಿಗೆ ಅವನ ಗುರುತು ಹತ್ತಿತು. ಬೆರಳು ಅದ್ದಿ ಗಳಿಗೆ ಹೇಳುವ ವೈದ್ಯರು ಇವರೇ ನೋಡಿ ಎಂದು ಜೊತೆಯವನಿಗೆ ತೋರಿಸಿದ. ಜೊತೆಯವನಿಗೆ ನಂಬಿಕೆ ಬರಲಿಲ್ಲ. ಇಳಿಸಿಟ್ಟಿದ್ದ ಒಂದು ಸಾರಿನ ಪಾತ್ರೆಯನ್ನು ಮುಂದಿಟ್ಟು ಹೇಳಿ ನೋಡೋಣ ಎಂದ.

ಒಂದೇ ಪಾತ್ರೆಯಲ್ಲವೇ ಎಂದು ವೈದ್ಯ ಕೂತ. ಗಳಿಗೆ ಸರಿಯಾಗಿ ಹೇಳಿದ. ಭೇಷ್ ಎಂದರು. ಹೊಗಳಿಕೆ ಎಂಬುದೂ ಹಾಲಿಗೆ ಹಾಕಿದ ಹೆಪ್ಪಿನ ಹಾಗೆ. ಈಗ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಹೊಸದು ಹುಟ್ಟುತ್ತದೆ. ಮೊದಲು ಒಬ್ಬ, ಆಮೇಲೆ ಇಬ್ಬರು, ಆಮೇಲೆ ನಾಲ್ವರು, ನೋಡುತ್ತಿದ್ದ ಹಾಗೆ ಛತ್ರವೆಲ್ಲ ಸುತ್ತ ನೆರೆಯಿತು. ಪಕ್ಕದ ಮನೆಯವರು ಕೂಡ ಪಾತ್ರೆ ತಂದರು. ಹಿತ್ತಾಳೆಯದು, ಮಣ್ಣಿನದು, ಮುಚ್ಚಳ ಹಾಕಿದ್ದು, ಹಾಕದ್ದು. ಒಂದೊಂದಕ್ಕೂ ಒಂದೊಂದು ಲೆಕ್ಕ. ಅವನು ಒಂದರಲ್ಲೂ ತಪ್ಪಲಿಲ್ಲ.

ಆಳು ಕಂಬದ ಹತ್ತಿರ ನಿಂತು ನಿಂತು ಸಾಕಾಗಿ, ಕೊನೆಗೆ ಹತ್ತಿರ ಬಂದು, "ಹೊತ್ತಾಯಿತು ಸ್ವಾಮಿ, ಅಯ್ಯನವರು ದಾರಿ ನೋಡುತ್ತಿರುತ್ತಾರೆ" ಎಂದ.

"ಕೊನೆಯ ಬಿಸಿ ಬೇಗ ಹೋಗುವುದಿಲ್ಲ ಕಣಯ್ಯಾ. ಅದನ್ನು ನನಗೆ ಕಲಿಸಿದವರೇ ಅವರು" ಎಂದು ವೈದ್ಯ ನಕ್ಕು ಇನ್ನೊಂದು ಪಾತ್ರೆಗೆ ಕೈ ಹಾಕಿದ.

ಅವನು ಛತ್ರದಿಂದ ಎದ್ದಾಗ ಆರು ಗಳಿಗೆ ಕಳೆದಿತ್ತು. ಹೊತ್ತು ಎಷ್ಟಾಯಿತು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಗುರುಗಳ ಬೀದಿಗೆ ತಿರುಗಿದಾಗ ಇನ್ನೂ ಬಿಸಿಲಿತ್ತು. ಮನೆಯ ಮುಂದೆ ಜನ ನಿಂತಿದ್ದರು. ಹೊಗೆಗೂಡಿನಲ್ಲಿ ಹೊಗೆ ಇರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಆರಿಸುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಬೇರೆ ಏನಾದರೂ ಕಾರಣವಿರಬಹುದು ಎಂದುಕೊಂಡು ಮೆಟ್ಟಿಲು ಹತ್ತಿದ. ಜಗಲಿಯ ಮೇಲೆ ಅದೇ ತಾಮ್ರದ ತಪ್ಪಲೆ ಇತ್ತು. ತುಂಬ ನೀರಿತ್ತು.

ಗುರುಗಳ ಹೆಂಡತಿ ಒಳಗಿನಿಂದ ಬಂದರು. ಅತ್ತೂ ಅತ್ತೂ ಅವರ ಕಣ್ಣು ಬತ್ತಿತ್ತು. ಅವನನ್ನು ನೋಡಿ ಅವರಿಗೆ ಸಿಟ್ಟೇನೂ ಬರಲಿಲ್ಲ. ಸಿಟ್ಟು ಬಂದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಮನೆಗೆ ಬಂದ ಮಗನಿಗೆ ಹೇಳುವ ಹಾಗೆ ಕಾಲು ತೊಳೆದುಕೊಂಡು ಬಾರಪ್ಪ ಎಂದರು. ಅವನು ಅಷ್ಟು ದೂರದಿಂದ ನಡೆದು ಬರುತ್ತಾನೆ, ಬಂದಾಗ ಕಾಲಿಗೆ ಬಿಸಿನೀರು ಇರಬೇಕು ಎಂದು ಗುರುಗಳೇ ಹೇಳಿದ್ದರಂತೆ. ಬೆಳಗಿನಿಂದ ನೀರು ಒಲೆಯ ಮೇಲೆಯೇ ಇತ್ತು. ಕುದಿದು ಕಡಿಮೆಯಾದ ಹಾಗೆಲ್ಲ ಆಕೆ ಮತ್ತೆ ಮತ್ತೆ ತುಂಬುತ್ತಿದ್ದರು. ಉಸಿರು ನಿಂತ ಕೂಡಲೇ ನೆರೆಮನೆಯವರು ಬಂದು ಒಲೆ ಆರಿಸಿ ತಪ್ಪಲೆಯನ್ನು ತಂದು ಹೊರಗಿಟ್ಟಿದ್ದರು.

ಯಾವಾಗ ಹೋದರು ಎಂದು ಕೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಬೆರಳು ತಾನಾಗಿಯೇ ನೀರಿಗೆ ಇಳಿಯಿತು. ಇಳಿಸಬಾರದಿತ್ತು. ಬೇರೆಯವರಾಗಿದ್ದರೆ ಅದು ಬರಿಯ ಬಿಸಿನೀರು. ಅವನಿಗೆ ಅದು ಬಾಯಿಬಿಟ್ಟು ಹೇಳಿತು. ಕಾಲು ಪಾಲು ಬಿಸಿ ಉಳಿದಿದೆ. ಇಳಿಸಿ ನಾಲ್ಕು ಗಳಿಗೆಯಾಗಿದೆ.

ಛತ್ರದಲ್ಲಿ ಕೂತದ್ದು ಆರು ಗಳಿಗೆ. ನಾಲ್ಕು ಹೋದರೆ ಎರಡು. ಆರು ವರ್ಷದ ಮಗು ಕೂಡ ಮಾಡುವ ಲೆಕ್ಕ. ಎರಡು ಗಳಿಗೆ ಅವನು ಗುರುಗಳ ಪಕ್ಕದಲ್ಲಿ ಕೂರಬಹುದಿತ್ತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಡಬಹುದಿತ್ತು. ಏಳು ವರ್ಷ ಬಾರದೆ ಇದ್ದದ್ದಕ್ಕೆ ತಪ್ಪಾಯಿತು ಎನ್ನಬಹುದಿತ್ತು. ಆ ಎರಡು ಗಳಿಗೆಯನ್ನು ಅವನು ಊರಿನವರ ಸಾರಿನ ಪಾತ್ರೆಗಳಲ್ಲಿ ಅದ್ದಿ ಬಂದಿದ್ದ.

ಆಗಲೂ ಅವನ ಮನಸ್ಸು ಒಂದು ಆಸರೆ ಹುಡುಕಿತು ನೋಡು. ಗುರುಗಳು ಯಾವುದೋ ಗುಟ್ಟಿನ ಮದ್ದು ಹೇಳಲು ಕರೆಸಿರಬೇಕು, ಅದನ್ನು ಹೆಂಡತಿಯ ಬಳಿ ಹೇಳಿಟ್ಟಿದ್ದರೆ ಅಷ್ಟಾದರೂ ಉಳಿಯಿತಲ್ಲ ಎಂದುಕೊಂಡ.

"ನನಗೆ ಏನು ಹೇಳಬೇಕೆಂದಿದ್ದರು, ಅಮ್ಮಾ?"

"ಹೇಳುವುದೇನೂ ಇರಲಿಲ್ಲಪ್ಪ. ಸುಮ್ಮನೆ ನಿನ್ನ ಮುಖ ನೋಡಬೇಕು ಎಂದರು. ಮಧ್ಯಾಹ್ನದಿಂದ ಎರಡು ಸಲ ಕೇಳಿದರು, ನೀರು ಬಿಸಿ ಇದೆಯೇ ಅಂತ."

ಅವನು ಆ ನೀರಿನಲ್ಲಿ ಕಾಲು ತೊಳೆದ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ದಣಿದ ಕಾಲಿಗೆ ಹೇಳಿ ಮಾಡಿಸಿದ ಬಿಸಿ. ತೊಳೆದುಕೊಂಡು ಒಳಗೆ ಹೋದ. ಗುರುಗಳ ಮುಖ ಬಾಗಿಲ ಕಡೆಗೇ ತಿರುಗಿತ್ತು. ಅದನ್ನು ನೇರ ಮಾಡಿ ಮಲಗಿಸಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಅವನು ಗೋಡೆಗೆ ಹಣೆ ಒತ್ತಿ ಅತ್ತ. ಅತ್ತು ಏನು ಬಂತು.

ಪಂಡಿತರು ಅಲ್ಲಿಗೆ ಕತೆ ನಿಲ್ಲಿಸಿದರು. ಒಲೆಯ ಮೇಲೆ ಲೇಹ ಸಣ್ಣಗೆ ಕುದಿಯುತ್ತಿತ್ತು. ಅಕ್ಕನ ಊರಿನ ಆಳು ಹೊರಗಿನ ಕಟ್ಟೆಯ ಮೇಲೆ ಹಾಗೆಯೇ ಕೂತಿದ್ದ.

ಕೊಟ್ರಯ್ಯ ಆಳಿನ ಕಡೆ ನೋಡಿದ. ಆದರೂ ಕಲಿತ ಬುದ್ಧಿ ಅಷ್ಟು ಬೇಗ ಬಿಡುತ್ತದೆಯೇ. ಆ ವೈದ್ಯನಿಗೆ ಹೇಗಾದರೂ ಸಮಾಧಾನ ಆಗಿರಲಿ ಎಂದು ಅವನಿಗೆ ಆಸೆಯಾಯಿತು.

"ಅದೇ ನಿಯಮದಂತೆ ಅವನ ಸಂಕಟವೂ ವರ್ಷಕ್ಕಿಷ್ಟು ಎಂದು ಆರುತ್ತಾ ಬಂದಿರಬೇಕಲ್ಲವೇ, ಗುರುಗಳೇ?" ಎಂದ.

ಪಂಡಿತರು ತಮ್ಮ ಬಲಗೈ ಬೆರಳುಗಳನ್ನು ಒಂದು ಕ್ಷಣ ನೋಡಿಕೊಂಡರು.

"ನಲವತ್ತೊಂದು ವರ್ಷವಾಯಿತು ಕೊಟ್ರಯ್ಯಾ, ಇನ್ನೂ ಅದರಲ್ಲಿ ಕೈ ಇಡುವ ಹಾಗಿಲ್ಲ."

ಕೊಟ್ರಯ್ಯ ಎದ್ದ. ಒಲೆಯ ಕೊಳ್ಳಿಗಳನ್ನು ಹೊರಗೆಳೆದು, ಗೂಟಕ್ಕೆ ಸಿಕ್ಕಿಸಿದ್ದ ಚೀಲ ತೆಗೆದುಕೊಂಡ.