ಕುಂಬಳದ ಹೂವಿಗೆ ಜೇಡ ಬಂದು ಕೂತದ್ದು

ಲೋಕ ಆಗಿನ್ನೂ ಹಸಿಯಾಗಿತ್ತು. ಬೆಟ್ಟದ ಮೇಲೆ ಕೈಯಿಟ್ಟರೆ ಬೆರಳಿನ ಗುರುತು ಬೀಳುತ್ತಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ತಿಳಿಯದೆ, ಒಂದು ದಿನ ಮೂಡಲಿಗೆ ಹರಿದರೆ ಮರುದಿನ ಪಡುವಲಿಗೆ ಹರಿಯುತ್ತಿತ್ತು. ಹುಳಹುಪ್ಪಟೆಗಳೆಲ್ಲ ತಮ್ಮ ತಮ್ಮ ಕೆಲಸವನ್ನು ಆಗಷ್ಟೇ ಕಲಿಯುತ್ತಿದ್ದವು. ಇರುವೆ ಸಾಲು ಹಿಡಿಯುವುದನ್ನು ಕಲಿಯಿತು. ಮಿಡತೆ ನೆಗೆಯುವುದನ್ನು ಕಲಿಯಿತು. ಜೇಡಗಳು ಬಲೆ ನೇಯುವುದನ್ನು ಕಲಿತವು.

ಆ ಜೇಡಗಳಲ್ಲಿ ಬೆಳ್ಳಿ ಎಂಬ ಹುಡುಗಿಯೊಬ್ಬಳಿದ್ದಳು. ಮೈಯೆಲ್ಲ ಅಕ್ಕಿಹಿಟ್ಟಿನಂತೆ ಬೆಳ್ಳಗೆ. ಅದಕ್ಕೇ ಆ ಹೆಸರು. ಅವಳ ಮುಂದಿನ ಕೈಗಳು ಉದ್ದ, ಹಿಂದಿನ ಕಾಲುಗಳು ಗಿಡ್ಡ. ನೆಟ್ಟಗೆ ನಡೆಯಹೋದರೆ ಮುಗ್ಗರಿಸುತ್ತಿದ್ದಳು. ಹಾಗಾಗಿ ಏಡಿಯಂತೆ ಅಡ್ಡಡ್ಡ, ಅಡ್ಡಡ್ಡ ನಡೆಯುತ್ತಿದ್ದಳು.

ಕತ್ತಾಳೆ ಬೇಲಿಯ ತುಂಬ ಜೇಡಗಳ ಮನೆ. ಬೆಳಗಾದರೆ ಸಾಕು, ಎಲ್ಲರ ಬಲೆಗಳೂ ಇಬ್ಬನಿ ಹಿಡಿದು ಥಳಥಳ ಹೊಳೆಯುತ್ತಿದ್ದವು. ಬೆಳ್ಳಿಯದು ಮಾತ್ರ ಗಂಟು. ಅವಳು ನೂಲು ಎಳೆದರೆ ಅದು ಕೈಗೇ ಸುತ್ತಿಕೊಳ್ಳುತ್ತಿತ್ತು, ಕಾಲಿಗೇ ಸಿಕ್ಕಿಕೊಳ್ಳುತ್ತಿತ್ತು.

"ಇದೇನೇ ಇದು? ಬಲೆ ಅನ್ನಲಾ, ಹತ್ತಿ ಉಂಡೆ ಅನ್ನಲಾ?" ಎಂದು ಅವಳ ಅತ್ತೆ ನಗುತ್ತಿದ್ದಳು. ನಕ್ಕು, ತನ್ನ ಬಲೆಯಲ್ಲಿ ಉಳಿದ ಸೊಳ್ಳೆಯೊಂದನ್ನು ಅವಳತ್ತ ನೂಕುತ್ತಿದ್ದಳು. ಬೆಳ್ಳಿ ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದಳು. ಹೊಟ್ಟೆ ಅರ್ಧ ತುಂಬುತ್ತಿತ್ತು, ಮನಸ್ಸು ಅಷ್ಟೂ ತುಂಬುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಕತ್ತಾಳೆಯ ತುದಿಯಲ್ಲಿ ಕೂತು ಗಂಟು ಬಿಡಿಸುತ್ತಿದ್ದಾಗ ಗಾಳಿ ಬಂತು.

"ಏನ್ ಬೆಳ್ಳಿ, ಬೆಳಿಗ್ಗೆ ಬೆಳಿಗ್ಗೆ ಮುಖ ಇಷ್ಟುದ್ದ ಮಾಡ್ಕೊಂಡಿದ್ದೀಯ?" ಎಂದು ಗಾಳಿ ಕೇಳಿತು.

"ನನಗೆ ನೇಯೋಕೆ ಬರಲ್ಲ ಗಾಳಿಯಣ್ಣ. ಈ ಬೇಲಿಯಲ್ಲಿ ನನ್ನಿಂದ ಯಾರಿಗೂ ಏನೂ ಉಪಯೋಗ ಇಲ್ಲ."

"ಹಾಗಾದ್ರೆ ಬೇರೆ ಕಡೆ ಹೋಗಿ ನೋಡು. ಆ ನೂಲನ್ನ ಮೇಲಕ್ಕೆ ಬಿಡು, ನಾನು ಹಿಡ್ಕೋತೀನಿ."

ಬೆಳ್ಳಿ ನೂಲನ್ನು ಮೇಲಕ್ಕೆ ಬಿಟ್ಟಳು. ಗಾಳಿ ಅದರ ತುದಿ ಹಿಡಿದು ಎಳೆದೇಬಿಟ್ಟಿತು! ಬೇಲಿ ಕೆಳಗಾಯಿತು, ಅತ್ತೆಯ ಬಲೆ ಕೆಳಗಾಯಿತು. ಬೆಳ್ಳಿ ಹೆದರಿ ಕಣ್ಣು ಮುಚ್ಚಿದಳು, ಆಮೇಲೆ ಖುಷಿ ತಡೆಯಲಾರದೆ ಕಣ್ಣು ಬಿಟ್ಟಳು. ಹೊಳೆ ದಾಟಿದ ಮೇಲೆ ಗಾಳಿ ಮೆಲ್ಲಗೆ ಕೈಬಿಟ್ಟಿತು. ಬೆಳ್ಳಿ ಪೊತ್ತೆಂದು ಯಾವುದೋ ಅಗಲವಾದ ಎಲೆಯ ಮೇಲೆ ಬಿದ್ದಳು.

"ಯಾರವ್ವ ಅದು ನನ್ನ ಮೇಲೆ ಬಿದ್ದೋಳು?" ಎಂದಿತು ಎಲೆಯ ಕೆಳಗಿನಿಂದ ಒಂದು ದಪ್ಪ ದನಿ.

ಅವಳೇ ಕುಂಬಳವ್ವ. ಹೊಳೆದಂಡೆಯ ಮಣ್ಣಗುಡ್ಡೆಯ ತುಂಬ ಕೈಕಾಲು ಚಾಚಿ ಹಬ್ಬಿಕೊಂಡಿದ್ದ ಕುಂಬಳದ ಬಳ್ಳಿ. ತಟ್ಟೆಯಂಥ ಎಲೆಗಳು, ಗಂಟೆಯಂಥ ಹಳದಿ ಹೂವುಗಳು.

"ನಾನು ಬೆಳ್ಳಿ. ತಪ್ಪಾಯ್ತವ್ವ, ಗಾಳಿಯಣ್ಣ ಕೈ ಬಿಟ್ಟುಬಿಟ್ಟ."

"ಬಿಟ್ಟರೆ ಬಿಡ್ಲಿ. ಬಂದೋಳು ಬಂದೆ, ನೆರಳಲ್ಲಿ ಕೂತ್ಕೋ. ನಿನಗೆ ಕೊಡೋಕೆ ನನ್ನ ಹತ್ತಿರ ಏನಾದರೂ ಇದ್ದಿದ್ರೆ ಚೆನ್ನಾಗಿತ್ತು," ಎಂದು ಕುಂಬಳವ್ವ ನಿಟ್ಟುಸಿರುಬಿಟ್ಟಳು.

ಬೆಳ್ಳಿ ಆಗ ಸುತ್ತ ನೋಡಿದಳು. ಹೂವುಗಳೆಲ್ಲ ಚಿಂದಿ ಚಿಂದಿಯಾಗಿದ್ದವು. ಒಂದರ ಅಂಚು ಇಲ್ಲ, ಇನ್ನೊಂದರ ನಡುವೆಯೇ ತೂತು. ಹೂವಿನ ಬುಡದಲ್ಲಿದ್ದ ಅಡಿಕೆಯಷ್ಟು ಗಾತ್ರದ ಮಿಡಿಗಳು ಹಳದಿ ತಿರುಗಿ ಮಣ್ಣಿಗೆ ಉದುರಿ ಬಿದ್ದಿದ್ದವು.

"ಇವೆಲ್ಲ ನನ್ನ ಮಕ್ಕಳು," ಎಂದಳು ಕುಂಬಳವ್ವ. "ಜೇನು ಬಂದು ಗಂಡುಹೂವಿನ ಪುಡಿಯನ್ನ ಹೆಣ್ಣುಹೂವಿಗೆ ತಂದು ತಾಕಿಸಿದರೆ ಮಿಡಿ ನಿಲ್ಲುತ್ತೆ, ಬೆಳೆದು ಕಾಯಾಗುತ್ತೆ. ಜೇನು ಬರಲಿಲ್ಲ ಅಂದ್ರೆ ಹೀಗೇ ಉದುರುತ್ತೆ. ರಂಗಿ ಅಂತ ಒಂದು ಜೇನು, ಪಾಪ, ಎಷ್ಟು ಆಸೆಯಿಂದ ಬರ್ತಾಳೆ! ಆದರೆ ಅವಳು ಬರೋ ಹೊತ್ತಿಗೆ ಕೆಂಪಯ್ಯನ ಗುಂಪು ಎಲ್ಲಾನೂ ತಿಂದು ಮುಗಿಸಿರುತ್ತೆ. ಹರಿದ ಎಲೆ ಹಾಕಿ ಊಟಕ್ಕೆ ಬಾ ಅಂದ್ರೆ ಯಾರು ಕೂರ್ತಾರೆ ಹೇಳು?"

"ಕೆಂಪಯ್ಯ ಅಂದ್ರೆ?"

ಕುಂಬಳವ್ವ ಉತ್ತರ ಕೊಡುವ ಮೊದಲೇ ಗುಂಯ್ ಎಂದು ಸದ್ದಾಯಿತು. ಬೆಳ್ಳಿ ಹೆದರಿ, ಅಡ್ಡಡ್ಡ ಓಡಿ, ಆಗಷ್ಟೇ ಅರಳುತ್ತಿದ್ದ ಒಂದು ಹೂವಿನೊಳಕ್ಕೆ ನುಗ್ಗಿ ಅಡಗಿದಳು.

ಕೆಂಪು ಜೀರುಂಡೆಗಳ ಗುಂಪೊಂದು ಬಂದಿಳಿಯಿತು. ಎಲ್ಲಕ್ಕೂ ಮುಂದೆ ಕೆಂಪಯ್ಯ, ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುವ ಬೆನ್ನಿನವನು.

"ಕುಂಬಳವ್ವಾರೇ, ಚೆನ್ನಾಗಿದ್ದೀರಾ? ನೆಂಟರು ಬಂದಿದೀವಿ," ಎಂದ ಕೆಂಪಯ್ಯ. "ಏನೂ ತೊಂದರೆ ತಗೋಬೇಡಿ. ನಾವೇ ಬಡಿಸ್ಕೋತೀವಿ."

"ನೆಂಟರು ಬಂದು ಹೋಗ್ತಾರೆ ಕಣಯ್ಯ. ನೀನು ಹೋಗೋದೇ ಇಲ್ಲವಲ್ಲ!"

ಜೀರುಂಡೆಗಳು ಕಿಲಕಿಲ ನಕ್ಕು ಹೂವಿನಿಂದ ಹೂವಿಗೆ ಹರಡಿಕೊಂಡವು. ಕರಕರ, ಕರಕರ. ಬೆಳ್ಳಿ ಅಡಗಿದ್ದ ಹೂವಿಗೂ ಒಂದು ಜೀರುಂಡೆ ಇಳಿಯಿತು. ಅದು ಎಸಳನ್ನು ಕಚ್ಚುತ್ತ ಕಚ್ಚುತ್ತ ಅವಳ ಮುಖದ ಹತ್ತಿರಕ್ಕೇ ಬಂತು. ಬೆಳ್ಳಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಳ ಉದ್ದನೆಯ ಕೈಗಳು ಮುಂದಕ್ಕೆ ಚಾಚಿ ಜೀರುಂಡೆಯನ್ನು ಗಪ್ಪನೆ ತಬ್ಬಿ ಹಿಡಿದವು.

"ಅಯ್ಯಯ್ಯೋ! ಹೂವು ನನ್ನನ್ನ ಹಿಡ್ಕೊಂಡಿದೆ!" ಎಂದು ಜೀರುಂಡೆ ಕಿರುಚಿತು.

ಉಳಿದವು ಅದನ್ನು ಕೇಳಿದ್ದೇ ತಡ, ಬಾಯಲ್ಲಿದ್ದ ಎಸಳನ್ನು ಉಗಿದು ಹಾರಿ ಪರಾರಿ. ಎಲ್ಲಕ್ಕೂ ಮುಂದೆ ಹಾರಿದವನು ಕೆಂಪಯ್ಯನೇ.

ಬೆಳ್ಳಿ ಅಂದು ಹೊಟ್ಟೆತುಂಬ ಉಂಡಳು. ತನ್ನ ಕೈಯಾರೆ ಹಿಡಿದದ್ದನ್ನು ಅವಳು ಉಂಡಿದ್ದು ಅದೇ ಮೊದಲು. ಕುಂಬಳವ್ವ ನಕ್ಕಳು ನೋಡು, ಎಲೆ ಎಲೆಯೂ ಕುಣಿಯಿತು.

"ಬಲೆ ಯಾರಿಗೆ ಬೇಕೇ ಮಗಳೇ? ಈ ಕೈಗಳು ಸಾಲದಾ? ಇಲ್ಲೇ ಇದ್ದುಬಿಡು!"

ಬೆಳ್ಳಿ ಅಲ್ಲೇ ಉಳಿದಳು. ಆದರೆ ಬಳ್ಳಿ ದೊಡ್ಡದು, ಹೂವು ಹಲವು. ಅವಳು ಈ ತುದಿಯಲ್ಲಿದ್ದರೆ ಜೀರುಂಡೆಗಳು ಆ ತುದಿಯಲ್ಲಿ ಬಂದಿಳಿಯುತ್ತಿದ್ದವು. ಕುಂಬಳವ್ವ ಕೂಗಿದರೆ ಜೀರುಂಡೆಗಳಿಗೂ ಕೇಳಿಸುತ್ತಿತ್ತು.

"ಕೂಗಬೇಡ, ಘಮ ಬಿಡು," ಎಂದು ಉಪಾಯ ಹೇಳಿದವನು ಗಾಳಿಯಣ್ಣ. "ಯಾವ ಹೂವಿಗೆ ಹಲ್ಲು ತಾಗುತ್ತೋ ಆ ಹೂವು ಘಮ್ ಅನ್ನಲಿ. ನಾನು ಆ ಘಮವನ್ನ ಬೆಳ್ಳಿ ಇರೋ ಕಡೆ ತಂದುಕೊಡ್ತೀನಿ."

ಹಾಗೇ ಆಯಿತು. ಎಲ್ಲಿ ಹೂವು ನೊಂದರೂ ಅಲ್ಲಿಂದ ಘಮ ಏಳುತ್ತಿತ್ತು, ಬೆಳ್ಳಿ ಅಡ್ಡಡ್ಡ, ಅಡ್ಡಡ್ಡ ಓಡುತ್ತಿದ್ದಳು. ಹಗಲೆಲ್ಲ ಹೂವಿನಲ್ಲೇ ಉರುಳಿ, ಹೂವಿನಲ್ಲೇ ಮಲಗಿ, ಹೂವಿನ ಹಳದಿ ಮೆಲ್ಲಮೆಲ್ಲಗೆ ಅವಳ ಮೈಗೂ ಇಳಿಯಿತು. ಒಂದು ದಿನ ಕುಂಬಳವ್ವ, "ಬೆಳ್ಳೀ, ಎಲ್ಲಿದ್ದೀಯೇ?" ಎಂದು ಹುಡುಕಿದಳು. ಬೆಳ್ಳಿ ಅವಳ ಕಣ್ಣೆದುರಿನ ಹೂವಿನಲ್ಲೇ ಕೂತಿದ್ದಳು! ಕುಂಬಳವ್ವನಿಗೇ ಕಾಣದವಳು ಜೀರುಂಡೆಗಳಿಗೆ ಕಂಡಾಳೇ? ಇಳಿದವು ಇಳಿದಲ್ಲೇ ಸಿಕ್ಕಿಬಿದ್ದವು, ಉಳಿದವು ಹೆದರಿ ಬರುವುದನ್ನೇ ಬಿಟ್ಟವು.

ಹೂವುಗಳು ಇಡಿಯಾಗಿ ಅರಳಿದವು. ಆಗ ರಂಗಿ ಬಂದಳು. ಅಂಚು ಹರಿಯದ ಹೂವು ನೋಡಿ ಆ ಜೇನಿಗೆ ಎಂಥ ಸಂಭ್ರಮ! ಹಾಡುತ್ತ ಬಂದು, ಹಿಂದೆ ಮುಂದೆ ನೋಡದೆ, ನೆಟ್ಟಗೆ ಹೂವಿನೊಳಕ್ಕೆ ಧುಮುಕಿದಳು.

ಆ ಹೂವಿನೊಳಗೆ ಬೆಳ್ಳಿ ಇದ್ದಳು. ಜೀರುಂಡೆಗಳು ಬಾರದೆ ಅವಳು ಏನೂ ತಿಂದಿರಲಿಲ್ಲ. ಹಸಿವಿನಿಂದ ಕಣ್ಣು ಮಂಜಾಗಿತ್ತು. ಮೈಮೇಲೆ ಏನೋ ಬಿತ್ತು, ಗುಂಯ್ ಎಂದಿತು, ಕೈಗಳು ಚಾಚಿದವು, ಗಪ್ಪನೆ ಹಿಡಿದವು.

"ಬಿಡೇ! ಬಿಡೇ! ಅವಳು ನಮ್ಮ ರಂಗಿ!" ಎಂದು ಕುಂಬಳವ್ವ ಚೀರಿದಳು.

ಬೆಳ್ಳಿಯ ಬಾಯಿ ರಂಗಿಯ ಕತ್ತಿನ ಹತ್ತಿರಕ್ಕೆ ಬಂದಿತ್ತು. ಹೊಟ್ಟೆ ತಿನ್ನು ಎನ್ನುತ್ತಿತ್ತು. ಬೆಳ್ಳಿ ಹಲ್ಲು ಕಚ್ಚಿ, ಒಂದು ಕೈ ಬಿಡಿಸಿದಳು. ಇನ್ನೊಂದು ಕೈ ಬಿಡಿಸುವುದು ಬಹಳ ಕಷ್ಟವಾಯಿತು. ಅದನ್ನೂ ಬಿಡಿಸಿದಳು. ರಂಗಿ ಎದ್ದು, ತಿರುಗಿ ನೋಡದೆ ಹಾರಿಹೋದಳು.

ಗೂಡಿಗೆಲ್ಲ ಸುದ್ದಿ ಮುಟ್ಟಿತು. ಕುಂಬಳದ ಹೂವಿನಲ್ಲಿ ಕೈಗಳಿವೆಯಂತೆ! ಆಮೇಲೆ ಒಂದು ಜೇನೂ ಆ ಕಡೆ ಸುಳಿಯಲಿಲ್ಲ. ಹೂವುಗಳು ಇಡಿಯಾಗಿ ಅರಳಿದವು, ಇಡಿಯಾಗಿಯೇ ಬಾಡಿದವು. ಮಿಡಿಗಳು ಮತ್ತೆ ಹಳದಿ ತಿರುಗಿ ಉದುರಿದವು. ಕುಂಬಳವ್ವ ಬೈಯಲಿಲ್ಲ. ಉದುರಿದ ಮಿಡಿಗಳ ಮೇಲೆ ಎಲೆ ಮುಚ್ಚಿದಳು. 

"ಜೀರುಂಡೆ ನಿನ್ನ ಹೂವನ್ನಷ್ಟೇ ತಿಂದಿತ್ತು. ನಾನು ನಿನ್ನ ಮಕ್ಕಳನ್ನೇ ಇಲ್ಲ ಮಾಡಿದೆ. ಹೋಗ್ತೀನವ್ವ," ಎಂದು ಬೆಳ್ಳಿ ಬಳ್ಳಿಯ ತುದಿಯವರೆಗೂ ನಡೆದು, ಒಂದು ಒಣಗಿದ ಎಲೆಯ ಕೆಳಗೆ ಗಾಳಿಗಾಗಿ ಕಾಯುತ್ತ ಕೂತಳು.

ಗಾಳಿ ಬಂತು, ನಿಜ. ಆದರೆ ಅದರ ಕೈಯಲ್ಲಿ ಘಮ ಇತ್ತು. ಒಂದು ಹೂವಿನದಲ್ಲ, ಎಷ್ಟೋ ಹೂವಿನದು. ಬೆಳ್ಳಿ ಇಲ್ಲವೆಂದು ತಿಳಿದು ಕೆಂಪಯ್ಯ ಇಡೀ ಬಳಗವನ್ನೇ ಕಟ್ಟಿಕೊಂಡು ಬಂದಿದ್ದ!

ಬೆಳ್ಳಿ ಯೋಚಿಸಲಿಲ್ಲ. ಅಡ್ಡಡ್ಡ, ಅಡ್ಡಡ್ಡ, ಬಳ್ಳಿಯ ಉದ್ದಕ್ಕೂ ಓಡಿದಳು. ಒಂದು ಹೂವಿನಲ್ಲಿ ಕೈ ಚಾಚಿದಳು, ಜೀರುಂಡೆಗಳು ಕಂಗಾಲಾಗಿ ಹಾರಿದವು. ಇನ್ನೊಂದು ಹೂವಿಗೆ ನುಗ್ಗಿದಳು, ಅಲ್ಲಿಂದಲೂ ಹಾರಿದವು. ಕೊನೆಗೆ ಒಂದು ಹೆಣ್ಣುಹೂವಿನ ಮೇಲೆ ಕೆಂಪಯ್ಯನೇ ಎದುರಾದ.

"ಇದು ನಮ್ಮ ಊಟದ ಮನೆ. ನೀನ್ಯಾರೇ ಕೇಳೋಕೆ?" ಎಂದ.

"ಈ ಮನೆ ಕಾಯೋಳು," ಎಂದಳು ಬೆಳ್ಳಿ. ಕೆಂಪಯ್ಯನ ಕತೆ ಅಲ್ಲಿಗೆ ಮುಗಿಯಿತು.

ಆ ಘಮ ಜೇನುಗೂಡಿನವರೆಗೂ ಹೋಗಿತ್ತು. ಏನಾಯಿತೆಂದು ನೋಡಲು ರಂಗಿ ಬಂದಿದ್ದಳು. ದೂರದಲ್ಲಿ ರೆಕ್ಕೆ ಬಡಿಯುತ್ತ ನಿಂತು ಎಲ್ಲವನ್ನೂ ನೋಡಿದಳು.

"ಅವತ್ತು ನನ್ನನ್ನ ಯಾಕೆ ಹಿಡಿದೆ?" ಎಂದು ಅಲ್ಲಿಂದಲೇ ಕೇಳಿದಳು.

"ಹಸಿವಾಗಿತ್ತು."

"ಮತ್ತೆ ಯಾಕೆ ಬಿಟ್ಟೆ?"

"ನೀನು ಬಂದರೇನೇ ಅವ್ವನ ಮಕ್ಕಳು ಉಳಿಯೋದು."

ರಂಗಿ ಸ್ವಲ್ಪ ಹತ್ತಿರ ಬಂದಳು. "ಇನ್ನು ಮೇಲೆ ಹಿಡಿಯಲ್ಲ ಅಂತ ಮಾತು ಕೊಡ್ತೀಯಾ?"

ಬೆಳ್ಳಿ ತನ್ನ ಕೈಗಳನ್ನು ನೋಡಿಕೊಂಡಳು. ಹೂಂ ಅಂದುಬಿಡುವುದು ಸುಲಭವಿತ್ತು.

"ಇಲ್ಲ ರಂಗಕ್ಕ," ಎಂದಳು. "ಸುಳ್ಳು ಯಾಕೆ ಹೇಳಲಿ? ಹಸಿವಾದಾಗ ಈ ಕೈಗಳು ನನ್ನ ಮಾತು ಕೇಳಲ್ಲ. ನೀನು ನೋಡ್ಕೊಂಡು ಬಾ. ನಾನಿರೋ ಹೂವಿಗೆ ಬರಬೇಡ. ನಾನಿರೋದು ಒಂದೇ ಹೂವಲ್ಲಿ. ಅವ್ವನ ಹತ್ತಿರ ಬೇಕಾದಷ್ಟು ಹೂವಿದೆ."

"ದಿನಾ ಬೆಳಿಗ್ಗೆ ಹೊಸದಾಗಿ ಬಿಡ್ತೀನಿ ಕಣೇ ರಂಗಿ!" ಎಂದು ಕುಂಬಳವ್ವ ನಡುವೆ ಬಾಯಿ ಹಾಕಿದಳು. "ನಿನಗೂ ಸಾಕಾಗೋಷ್ಟು, ನಿನ್ನ ಗೂಡಿಗೂ ಸಾಕಾಗೋಷ್ಟು!"

ರಂಗಿಗೆ ನಗು ಬಂತು. "ಮಾತು ಕೊಟ್ಟಿದ್ರೆ ನಾನು ನಂಬ್ತಿರಲಿಲ್ಲ. ಕೊಡಲ್ಲ ಅಂದೆ ನೋಡು, ಅದಕ್ಕೆ ನಂಬ್ತೀನಿ. ಸುತ್ತು ಹಾಕಿ ನೋಡ್ತೀನಿ. ನಿನ್ನ ಕೈ ಕಂಡ್ರೆ ಪಕ್ಕದ ಹೂವಿಗೆ ಹೋಗ್ತೀನಿ."

ಅಂದಳು, ಹಾಗೇ ಮಾಡಿದಳು. ಬೆಳ್ಳಿ ಕೂತಿದ್ದ ಹೂವಿನ ಸುತ್ತ ಒಂದು ಸುತ್ತು ಬಂದಳು, ಇಣುಕಿದಳು, "ಇದ್ದೀಯಾ? ಇರು ಇರು," ಎಂದು ಪಕ್ಕದ ಹೂವಿಗೆ ಹಾರಿದಳು. ಅಲ್ಲಿಂದ ಮೈತುಂಬ ಹಳದಿ ಪುಡಿ ಮೆತ್ತಿಕೊಂಡು ಎದ್ದು, ಇನ್ನೊಂದು ಹೂವಿಗೆ ಹೋಗಿ ಕೂತಳು. ಮರುದಿನ ಗೂಡಿಗೆ ಗೂಡೇ ಬಂತು. ಮಣ್ಣಗುಡ್ಡೆಯ ಮೇಲೆ ಹಾಡೋ ಹಾಡು!

ಮಿಡಿಗಳು ಈ ಸಲ ಉದುರಲಿಲ್ಲ. ಅಡಿಕೆಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು. ನಿಂಬೆಹಣ್ಣಿನಷ್ಟಿದ್ದದ್ದು ತೆಂಗಿನಕಾಯಿಯಷ್ಟಾಯಿತು. ಆಮೇಲೆ ಹೊಳೆದಂಡೆಯ ಮೇಲೆ ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ದುಂಡು ದುಂಡಾಗಿ ಮಲಗಿದವು, ಕುಂಬಳವ್ವನ ಮಕ್ಕಳು. ಅವಳು ಒಂದೊಂದನ್ನೂ ಎಲೆಯಿಂದ ಸವರಿ ಸವರಿ, ಎದುರಿಗೆ ಸಿಕ್ಕವರನ್ನೆಲ್ಲ ಕರೆದು ತೋರಿಸಿದಳು. ಬೆಳ್ಳಿಯೂ ಒಂದು ಕಾಯಿಯ ಮೇಲೆ ಹತ್ತಿ, ಅದರ ನುಣುಪಾದ ಬೆನ್ನಿನಿಂದ ಜಾರಿ ಬಿದ್ದು, ಮತ್ತೆ ಹತ್ತಿ, ಮತ್ತೆ ಜಾರಿ, ನಕ್ಕು ನಕ್ಕು ಸುಸ್ತಾದಳು.

ಜೀರುಂಡೆಗಳು ಆಮೇಲೂ ಬರುತ್ತಿದ್ದವು, ಒಂದೊಂದು ಹೂವಿಗೆ ಒಂದೊಂದು ತೂತು ಮಾಡುತ್ತಿದ್ದವು. ಬೆಳ್ಳಿಯ ಹೊಟ್ಟೆಗೂ ಏನಾದರೂ ಬೇಕಲ್ಲ! ಅವಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಯಾರೂ ಬಲೆ ನೇಯಲು ಹೋಗಲಿಲ್ಲ. ರಂಗಿಯ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಯಾರೂ ನೋಡದೆ ಹೂವಿಗೆ ಇಳಿಯಲಿಲ್ಲ.

ಅದಕ್ಕೇ ನೋಡು ಪುಟ್ಟಾ, ಇವತ್ತಿಗೂ ಬೆಳಿಗ್ಗೆ ಹಿತ್ತಲಿನ ಬಳ್ಳಿಯಲ್ಲಿ ಕುಂಬಳದ ಹೂವು ಅರಳಿದಾಗ ಜೇನು ಬಂದ ತಕ್ಷಣ ಕೂರುವುದಿಲ್ಲ. ಮೊದಲು ಸುತ್ತು ಹಾಕಿ ಒಳಗೆ ಇಣುಕುತ್ತದೆ, ಒಮ್ಮೊಮ್ಮೆ ಕೂರದೆ ಪಕ್ಕದ ಹೂವಿಗೆ ಹಾರಿಬಿಡುತ್ತದೆ. ಹಾಗೆ ಹಾರಿದರೆ ನೀನೂ ಮೆಲ್ಲಗೆ ಬಗ್ಗಿ ಆ ಹೂವಿನೊಳಗೆ ನೋಡು: ಹಳದಿಯಲ್ಲಿ ಹಳದಿಯಾಗಿ, ಉದ್ದನೆಯ ಕೈಗಳನ್ನು ಚಾಚಿಕೊಂಡು, ಪುಟ್ಟ ಜೇಡವೊಂದು ಸದ್ದಿಲ್ಲದೆ ಕೂತಿರುತ್ತದೆ.