ಸೂಗಮ್ಮ ಮತ್ತು ಮೂರು ಹೆಸರಿನ ಬಂದೂಕು

“ಕೇಳಿರಪ್ಪೋ ಕೇಳಿ! ಏಳುಬುರುಜಿನ ವೀರಮಲ್ಲಪ್ಪ ದೊರೆಗಳ ಅಪ್ಪಣೆ! ಆಯುಧಪೂಜೆಯ ದಿನ ಆಯುಧಚಾವಡಿಯಲ್ಲಿ ದೊರೆಗಳು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಚಾವಡಿಯ ಬೀಗದಕೈ, ಜೊತೆಗೆ ಬಾಯಿಬಿಟ್ಟು ಕೇಳಿದ್ದೊಂದು. ತಪ್ಪು ಹೇಳಿದವರಿಗೆ ಅದೇ ಸಂಜೆ ತಲೆದಂಡ!”

ದೊರೆಯ ಮುತ್ತಜ್ಜನ ಕಾಲದಿಂದ ಪ್ರತಿವರ್ಷ ಸಾರುವ ಈ ಡಂಗುರ ಕಂಚುಗಾರರ ಓಣಿಗೂ ಬಂತು. ಅಲ್ಲಿ ಸೂಗಮ್ಮ ಎಂಬ ಹೆಣ್ಣುಮಗಳು ತಂದೆ ಸತ್ತ ಮೇಲೆ ಕುಲುಮೆಯನ್ನು ತಾನೇ ನಡೆಸುತ್ತಿದ್ದಳು. ಅವಳನ್ನು ಯಾರೂ ಶಾಲೆಗೆ ಕಳಿಸಿರಲಿಲ್ಲ. ಮದುವೆಯ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತ ಕನ್ನಡ ಅಕ್ಷರ ಕಲಿತಿದ್ದಳು. ಕರಗಿಸಲೆಂದು ಅರಮನೆಯಿಂದ ಬರುತ್ತಿದ್ದ ಸುಟ್ಟ ತೋಟಾಗಳ, ಅಂದರೆ ಹಾರಿಸಿದ ಗುಂಡಿನ ಚಿಪ್ಪುಗಳ, ತಳ ನೋಡುತ್ತ ಪರದೇಶದ ಅಕ್ಷರಗಳನ್ನೂ, ಕೇಳಿ ಕೇಳಿ ಅವುಗಳ ಅರ್ಥವನ್ನೂ ಕಲಿತಿದ್ದಳು. ಅವಳ ಅಣ್ಣ ಮೌನೇಶ ಮಾತ್ರ ಕುಲುಮೆಯ ಕಡೆ ತಲೆಹಾಕದೆ ಪದ ಕಟ್ಟಿಕೊಂಡು ತಿರುಗುತ್ತಿದ್ದ.

ಪೂಜೆಯ ದಿನ ಸೂಗಮ್ಮ ಪ್ರತಿವರ್ಷದಂತೆ ಚಾವಡಿಯ ಆಯುಧಗಳನ್ನು ಒರೆಸಿ, ಕುಂಕುಮ ಹಚ್ಚಿ, ಮೂಲೆಯಲ್ಲಿ ನಿಂತಳು. ಸಭೆ ತುಂಬಿತು. ದೊರೆ ಮೊದಲ ಒಗಟು ಕೇಳಿದ.

“ಅಣ್ಣ ಬಲು ದೂರ ಓಡುತ್ತಾನೆ, ಆದರೆ ಹೊತ್ತವನ ಹೆಗಲಿಗೆ ಗುದ್ದುತ್ತಾನೆ. ತಮ್ಮ ಹಗುರ, ಆದರೆ ನೂರು ಹೆಜ್ಜೆಗೆ ಸುಸ್ತಾಗುತ್ತಾನೆ. ಇವರಿಬ್ಬರ ನಡುವೆ ಒಬ್ಬ ಹುಟ್ಟಿ ಇಬ್ಬರ ಕೆಲಸವನ್ನೂ ತಾನೇ ಹೊತ್ತ. ಯಾರವನು?”

ಜನರ ನಡುವಿಂದ ಮೌನೇಶ ಮುಂದೆ ಬಂದದ್ದು ಕಂಡು ಸೂಗಮ್ಮ ಬೇಡವೆಂದು ಕೈಯಾಡಿಸಿದಳು.

“ಯೌವನ, ದೊರೆಗಳೇ! ಬಾಲ್ಯಕ್ಕೂ ಮುಪ್ಪಿಗೂ ನಡುವಿನದು.”

“ಚಂದದ ಮಾತು. ತಪ್ಪು ಮಾತು,” ಎಂದ ದೊರೆ. ಭಟರು ಮೌನೇಶನ ಕೈ ಕಟ್ಟಿದರು.

ದಳಪತಿ ರಣಗೌಡ ಮೀಸೆ ತಿರುವಿದ. “ಇದಕ್ಕೆ ಕವಿ ಬೇಕೇ? ಕುದುರೆ ದೂರ ಓಡುತ್ತದೆ, ಕತ್ತೆಗೆ ಸುಸ್ತಾಗುತ್ತದೆ. ನಡುವೆ ಹುಟ್ಟಿದ್ದು ಹೇಸರಗತ್ತೆ!”

“ಕುದುರೆಯನ್ನು ಯಾರಪ್ಪಾ ಹೆಗಲ ಮೇಲೆ ಹೊರುತ್ತಾರೆ?” ಎಂದ ದೊರೆ. ದಳಪತಿಯ ಕೈಗೂ ಹಗ್ಗ ಬಿತ್ತು.

“ಬುದ್ಧೀ, ನಾನು ಹೇಳಲೇ?” ಎಂದಳು ಸೂಗಮ್ಮ.

ಸಭೆ ನಕ್ಕಿತು. “ಹೋಗಮ್ಮಾ, ಪಾತ್ರೆ ಬೆಳಗು ಹೋಗು,” ಎಂದರು ಅರಮನೆಯ ಪಂಡಿತ ಸೋಮಯಾಜಿಗಳು.

“ಬೆಳಗಿಯೇ ಬಂದಿದ್ದೇನೆ ಸ್ವಾಮಿ,” ಎಂದಳು ಅವಳು.

ಆ ಚಾವಡಿಗೊಂದು ಪದ್ಧತಿಯಿತ್ತು. ಪೂಜೆಯ ದಿನ ಅಲ್ಲಿ ಕುಂಕುಮ ಹಚ್ಚಿಸಿಕೊಳ್ಳದ ವಸ್ತುವಿನ ಮಾತು ಎತ್ತಬಾರದು. ಆಯುಧ ಒರೆಸುವವರನ್ನು ಬಿಟ್ಟರೆ ಅದು ಯಾರಿಗೂ ನೆನಪಿರಲಿಲ್ಲ. ಅಂದಮೇಲೆ ಒಗಟಿನ ಉತ್ತರವೂ ಕುಂಕುಮ ಹಚ್ಚಿದವುಗಳಲ್ಲೇ ಇರಬೇಕು. ಹಾಗಾಗಿ ಉಳಿದವರು ಆಕಾಶ ನೋಡುತ್ತಿದ್ದಾಗ ಸೂಗಮ್ಮ ಪೂಜೆಗೆ ಜೋಡಿಸಿದ್ದ ಮೇಜು ನೋಡಿದಳು. ಅದರ ಮೇಲಿದ್ದ ಮೂರು ಬಗೆಯ ತೋಟಾಗಳನ್ನು ಎತ್ತಿ ದೊರೆಯ ಮುಂದೆ ಸಾಲಾಗಿ ನಿಲ್ಲಿಸಿದಳು.

“ಉದ್ದನೆಯದು ಹಳೇ ರೈಫಲಿನ ತೋಟಾ, ಹೆಗಲಿಗೆ ಗುದ್ದುವ ಅಣ್ಣ. ಗಿಡ್ಡನೆಯದು ಪಿಸ್ತೂಲಿನದು, ಸುಸ್ತಾಗುವ ತಮ್ಮ. ಈ ನಡುವಿನದು ನಿಮ್ಮ ಅಜ್ಜ ಜರ್ಮನಿಯಿಂದ ತಂದ ಬಂದೂಕಿನದು. ಇದರ ಮೇಲೆ ನನಗೆ ಹಳೇ ಸಿಟ್ಟು, ಬುದ್ಧೀ. ಮಹಾಯುದ್ಧದಲ್ಲಿ ಹಿತ್ತಾಳೆ ಸಾಲದೆ ಇದರ ಚಿಪ್ಪನ್ನು ಕಬ್ಬಿಣದಲ್ಲಿ ಮಾಡಿದ್ದಾರೆ. ನನ್ನ ಮೂಸೆಯಲ್ಲಿ ಕರಗುವುದೇ ಇಲ್ಲ.”

ನಗು ನಿಂತಿತು. ದೊರೆ ತಲೆದೂಗಿ ಎರಡನೆಯ ಒಗಟು ಕೇಳಿದ.

“ಇಂಥ ಮಗು ಬೇಡವೆಂದ ಒಬ್ಬ ಒಡೆಯ. ಆದರೂ ಅದು ಹುಟ್ಟಿತು, ಬೇರೆ ಮನೆತನದ ಹೆಸರಿಟ್ಟುಕೊಂಡು ಬೆಳೆಯಿತು. ಕೊನೆಗೆ ಅದೇ ಒಡೆಯ ಮೆಚ್ಚಿ ಹೊಸ ಹೆಸರಿಟ್ಟ. ಯಾವುದು ಆ ಮಗು?”

“ಶ್ರೀಕೃಷ್ಣ!” ಎಂದು ಸೋಮಯಾಜಿಗಳು ಎದ್ದೇಬಿಟ್ಟರು. “ಕಂಸನಿಗೆ ಬೇಡವಾದವನು, ನಂದನ ಮನೆಯಲ್ಲಿ ಬೆಳೆದವನು!”

“ಕಂಸ ಯಾವಾಗ ಮೆಚ್ಚಿ ಹೆಸರಿಟ್ಟ, ಪಂಡಿತರೇ?”

ಪಂಡಿತರು ಕೂರಲು ಹೋದರು. ಭಟರು ಬಿಡಲಿಲ್ಲ.

ಸೂಗಮ್ಮ ಗೋಡೆಗೆ ಒರಗಿಸಿದ್ದ ಮೂರು ಜರ್ಮನ್ ಬಂದೂಕುಗಳನ್ನು ತೋರಿಸಿದಳು. “ಮೂರರ ಮೈಯೂ ಒಂದೇ. ಕೊರೆದ ಹೆಸರು ಮಾತ್ರ ಬೇರೆ ಬೇರೆ. ಮೊದಲ ಎರಡರ ಮೇಲೆ ಮೆಷಿನ್ ಪಿಸ್ತೂಲು ಎಂಬುದರ ಮೊದಲಕ್ಷರಗಳಿವೆ, ವರ್ಷವಷ್ಟೇ ಬೇರೆ. ಕೊನೆಯದರ ಮೇಲೆ ದಾಳಿಯ ರೈಫಲು ಎಂಬುದರ ಅಕ್ಷರಗಳಿವೆ. ಹೆಸರು ಕೊರೆಯುವುದು ನನ್ನ ಕೆಲಸ, ಬುದ್ಧೀ. ಪಾತ್ರೆ ಅದೇ ಇದ್ದು ಹೆಸರು ಬದಲಾಯಿತೆಂದರೆ ಯಾರೋ ಯಾರಿಂದಲೋ ಮುಚ್ಚಿಟ್ಟಿದ್ದಾರೆ. ಇಂಥ ಬಂದೂಕು ಬೇಡವೆಂದ ಜರ್ಮನಿಯ ಒಡೆಯನಿಗೆ ಹೆದರಿ ಸುಳ್ಳು ಹೆಸರಲ್ಲಿ ಮಾಡಿದರು. ಅವನು ಒಪ್ಪಿದ ಮೇಲೆ ನಿಜ ಹೆಸರು ಕೊರೆದರು.”

ದೊರೆ ಸಿಂಹಾಸನದ ತುದಿಗೆ ಜರುಗಿದ. “ಕೊನೆಯದು. ತಾಯಿ ಮಗಳಿಗೆ ಒಂದೇ ಮುಖ, ಒಂದೇ ಮೈಕಟ್ಟು. ತಾಯಿ ಯುದ್ಧ ಕಂಡವಳು. ಮಗಳು ಯುದ್ಧ ಮುಗಿದು ಅರವತ್ತು ವರ್ಷವಾದ ಮೇಲೆ ಹುಟ್ಟಿದವಳು. ಅವರನ್ನು ಗುರುತಿಸು.”

ಬಾಗಿಲಲ್ಲಿ ಬಿಸಿಲು ಕೆಂಪಾಗುತ್ತಿತ್ತು. ಮೌನೇಶ ಕಣ್ಣು ಮುಚ್ಚಿಕೊಂಡಿದ್ದ.

ಮೂರು ಬಂದೂಕುಗಳ ಪಕ್ಕದಲ್ಲಿ ಅದೇ ರೂಪದ ನಾಲ್ಕನೆಯದೊಂದು ಇತ್ತು. ಅದರ ಮೈ ಒರೆಸುವಾಗಲೇ ಅವಳಿಗೆ ಅನುಮಾನ ಬಂದಿತ್ತು. ಇಷ್ಟು ಹಳೆಯದಕ್ಕೆ ಒಂದು ಗೀರೂ ಇಲ್ಲ! ಆದರೆ ಅನುಮಾನದ ಮೇಲೆ ಅಣ್ಣನ ತಲೆ ಇಡುವುದು ಹೇಗೆ? ನಡುವಿನ ತೋಟಾದ ಮೂತಿಯನ್ನು ಹಳೆಯದರ ನಳಿಗೆಯ ಬಾಯಿಗೆ ಹಿಡಿದಳು. ಒಳಗೆ ಹೋಯಿತು. ನಾಲ್ಕನೆಯದಕ್ಕೆ ಹಿಡಿದಳು. ತುದಿಯಲ್ಲೇ ನಿಂತಿತು.

“ಇವಳೇ ಮಗಳು,” ಎಂದಳು. “ಮುಖ ತಾಯಿಯದು, ಗಂಟಲು ಮಾತ್ರ ಸಣ್ಣದು. ಹಳೆಯದರ ಹಾಗೆಯೇ ಹೊಸದಾಗಿ ಮಾಡಿದ ಬಂದೂಕಿದು, ಡಬ್ಬಕ್ಕೆ ಗುರಿ ಇಟ್ಟು ಆಡುವವರಿಗೆ. ತಾಯಿ ನುಂಗುತ್ತಿದ್ದುದನ್ನು ಇವಳು ನುಂಗಲಾರಳು.”

ದೊರೆ ಎದ್ದು ಬಂದು ಬೀಗದಕೈಯನ್ನು ಅವಳ ಕೈಗಿಟ್ಟ. “ಇನ್ನೊಂದು ಕೇಳು, ತಾಯಿ.”

“ಈ ಮೂವರ ತಲೆ ಬಿಡಿ, ಬುದ್ಧೀ. ಮುಂದೆ ಬರುವವರದ್ದೂ.”

ದೊರೆಯ ಮುಖ ಬಿಗಿಯಿತು. “ಅದು ನನ್ನ ಮುತ್ತಜ್ಜನ ಡಂಗುರ. ಅದರ ಒಂದಕ್ಷರ ಬದಲಿಸಲಾರೆ.”

“ಯಾರು ಬದಲಿಸಿ ಎಂದರು? ಈ ಮಗಳ ಹಾಗೆ ಮಾಡಿ. ಡಂಗುರ ಅದೇ ಇರಲಿ. ಕತ್ತಿಯೂ ಕುಂಕುಮ ಹಚ್ಚಿಕೊಂಡು ಗೋಡೆಯ ಮೇಲಿರಲಿ. ತಲೆ ನುಂಗುವುದೊಂದು ಬೇಡ. ಸೋತವರನ್ನು ಒಂದು ವರ್ಷ ನನ್ನ ಕುಲುಮೆಗೆ ಕಳಿಸಿ, ತಿದಿ ಒತ್ತಲಿ. ನನಗೂ ಆಳು ಸಾಲದು.”

ದೊರೆ ಆ ನಾಲ್ಕನೆಯ ಬಂದೂಕನ್ನು ಎತ್ತಿ, ಅದರ ಸಣ್ಣ ಬಾಯಿಗೆ ಬೆರಳಿಟ್ಟು ನೋಡಿದ. ಆಮೇಲೆ ನಕ್ಕ. ಭಟರು ಹಗ್ಗ ಬಿಚ್ಚಿದರು.

ಆ ಸಂಜೆ ಕಂಚುಗಾರರ ಓಣಿಯಲ್ಲಿ ದಳಪತಿ ಒಂದು ತಿದಿ ಒತ್ತಿದ, ಪಂಡಿತರು ಇನ್ನೊಂದು. ಮೌನೇಶ ಬೆವರು ಒರೆಸಿಕೊಂಡು, “ತಂಗೀ, ಯೌವನ ಅನ್ನೋದು ಪೂರ್ತಿ ತಪ್ಪೇನಲ್ಲ ನೋಡು,” ಎಂದ.

“ಒತ್ತಣ್ಣ, ಬೆಂಕಿ ಆರ್ತಿದೆ,” ಎಂದಳು ಸೂಗಮ್ಮ.

ಏಳುಬುರುಜಿನಲ್ಲಿ ಈಗಲೂ ಅದೇ ಡಂಗುರ, ಅದೇ ಮಾತು. ಕೇಳಿದವರು ಈಗ ಕುತ್ತಿಗೆ ಮುಟ್ಟಿ ನೋಡಿಕೊಳ್ಳುವುದಿಲ್ಲ, ಅಂಗಿಯ ತೋಳು ಮಡಚಿಕೊಳ್ಳುತ್ತಾರೆ.