ಒನ್ಸ್ ಮೋರ್ ಕೂಗಿದ ಪೇಟಿ ಮಾಸ್ತರ

ವಿರೂಪಾಕ್ಷಪ್ಪ ಒಂದು ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರನಾಗಿದ್ದ. ಪೇಟಿ ಎಂದರೆ ಹಾರ್ಮೋನಿಯಂ. ರಂಗದ ಮುಂದೆ ಕೂತು ಅವನು ಮೊದಲ ಸ್ವರ ಹಿಡಿದರೆ ಸಾಕು, ಹಿಂದಿನ ಸಾಲಿನಲ್ಲಿ ಶೇಂಗಾ ತಿನ್ನುತ್ತಿದ್ದವರ ಕೈ ಕೂಡ ನಿಲ್ಲುತ್ತಿತ್ತು.

ಆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಹಾಡು ಹಿಡಿಸಿದರೆ ಜನ 'ಒನ್ಸ್ ಮೋರ್' ಎಂದು ಕೂಗುತ್ತಿದ್ದರು. ಕೂಗಿದರೆ ಮತ್ತೆ ಹಾಡಲೇಬೇಕು. ಯುದ್ಧದಲ್ಲಿ ಸತ್ತು ಬಿದ್ದ ರಾಜನೂ ಎದ್ದು, ಕಿರೀಟ ಸರಿಮಾಡಿಕೊಂಡು, ಹಾಡಿ, ಮತ್ತೆ ಸಾಯುತ್ತಿದ್ದ. ಆದರೆ ಎರಡನೇ ಸಲ ಮೊದಲಿನಂತೆಯೇ ಹಾಡುವಂತಿರಲಿಲ್ಲ. ಹೊಸದೇನಾದರೂ ಇರಬೇಕಿತ್ತು. ಅದಕ್ಕೇ ಮೊದಲ ಸಲ ಪೇಟಿ ಮುಂದೆ, ನಟ ಹಿಂದೆ. ಒನ್ಸ್ ಮೋರ್ ಬಂದಾಗ ನಟ ಮುಂದೆ, ಪೇಟಿ ಹಿಂದೆ. ನಟ ಎತ್ತ ಹೊರಟರೂ ಮಾಸ್ತರನ ಬೆರಳು ಅತ್ತ ಹೋಗಬೇಕು. ವಿರೂಪಾಕ್ಷಪ್ಪನ ಬೆರಳು ಎಂದೂ ದಾರಿ ತಪ್ಪಿರಲಿಲ್ಲ.

ಕಂಪನಿ ಮುಚ್ಚಿದ ಮೇಲೆ ಅವನು ತಂಗಿ ಕಸ್ತೂರಿಯ ಮನೆಗೆ ಬಂದ. ಕಸ್ತೂರಿ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್. ಅವಳ ಮಗಳು ಶಾಲ್ಮಲಾ ಪಿಯುಸಿ ಮುಗಿಸಿದ ಹುಡುಗಿ. ಪಾತ್ರೆ ತೊಳೆಯುವಾಗ ಹಾಡುವಳು, ಹಾಡುವಾಗ ಕುಣಿಯುವಳು, ಕುಣಿಯುವಾಗ ಪಾತ್ರೆ ಬೀಳಿಸುವಳು.

ಒಂದು ದಿನ ಅವಳು ಅವ್ವನ ಮುಂದೆ ನಿಂತು ಹೇಳಿಯೇಬಿಟ್ಟಳು.

"ಅವ್ವಾ, ಹಾಡು, ಕುಣಿತ, ನಾಟಕ ಮೂರೂ ಕೂಡಿಸಿ ಕಲಿಸೋ ಶಾಲೆ ಅದಾವ. ಡಿಗ್ರಿನೂ ಕೊಡ್ತಾರ. ನಾ ಅಲ್ಲಿಗೆ ಹೋಗ್ತೀನಿ."

ಕಸ್ತೂರಿ ಒಂದು ಷರತ್ತು ಹಾಕಿದಳು. "ಹೋಗು. ಆದ್ರ ಈ ವರ್ಷನ ಸೀಟ್ ಸಿಗಬೇಕು. ಸಿಗಲಿಲ್ಲಂದ್ರ ನಮ್ಮೂರ ಕಾಲೇಜಿನ್ಯಾಗ ಬಿ.ಕಾಂ. ಆಮ್ಯಾಲೆ ಅಳಬಾರದು."

ಶಾಲ್ಮಲಾ ಒಪ್ಪಿದಳು. ಅವಳಿಗಿಂತ ಹೆಚ್ಚು ಹಿಗ್ಗಿದವನು ವಿರೂಪಾಕ್ಷಪ್ಪ. ಅಂದು ಊಟ ಬಿಟ್ಟು ಎದ್ದು ಪೇಟಿಯ ಧೂಳು ಒರೆಸಿದ.

"ನೀ ಏನೂ ಚಿಂತಿ ಮಾಡಬ್ಯಾಡ. ಎಲ್ಲಾ ನನಗ ಬಿಡು" ಎಂದ.

ಎಲ್ಲವನ್ನೂ ಅವನೇ ಹಿಡಿದುಕೊಂಡ. ಶಾಲೆ ಅವನೇ ಆರಿಸಿದ. ಅದು ದೊಡ್ಡ ಊರಿನ ದೊಡ್ಡ ಶಾಲೆ. ಗುಂಡಿ ಒತ್ತಿದರೆ ಅಲ್ಲಿಯ ರಂಗ ತಿರುಗುತ್ತದೆ ಎಂದು ಯಾರೋ ಹೇಳಿದ್ದರು. 'ಈ ಶಾಲೆಗೆ ಏಕೆ ಸೇರಬೇಕೆಂದಿದ್ದೀರಿ' ಎಂದು ಅರ್ಜಿಯಲ್ಲಿ ಕೇಳಿದ್ದಕ್ಕೆ ಅವನೇ ಹೇಳಿ ಬರೆಸಿದ. ಉತ್ತರದ ತುಂಬ ಹಳೆಯ ಕಂಪನಿಯ ಕಥೆಯೇ ಇತ್ತು. ಹಾಡಿದ ವಿಡಿಯೋ ಕಳಿಸಬೇಕಿತ್ತು. ಅದರ ಒಂದು ಅಂಚಿನಲ್ಲಿ ಹುಡುಗಿಗಿಂತ ಜೋರಾಗಿ ತಾಳ ಹಾಕುವ ಒಂದು ಕೈ ಕಾಣುತ್ತಿತ್ತು.

ಹಾಡೂ ಅವನದೇ ಆಯ್ಕೆ. ಬಾಣ ತಗುಲಿದ ರಾಣಿಯೊಬ್ಬಳು ಸಾಯುವ ಮುಂಚೆ ತನ್ನ ಕುದುರೆಗೆ ಹೇಳುವ ಹಾಡು. 'ಮನೆಗೆ ಹೋಗು, ಕುದುರೆಯೇ, ದಾರಿ ನಿನಗೆ ಗೊತ್ತು' ಎಂದು ಹಾಡಿ ರಾಣಿ ಬೀಳುತ್ತಾಳೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಗಂಟಲು ನಡುಗಬೇಕು, ಯಾವ ಮೊಣಕಾಲು ಮೊದಲು ನೆಲಕ್ಕೆ ತಾಗಬೇಕು, ಎಲ್ಲವನ್ನೂ ಕಲಿಸಿದ.

"ಮಾಮಾ, ಇಲ್ಲಿ ಅಳಲೇಬೇಕೇನು?" ಎಂದು ಅವಳು ಒಮ್ಮೆ ಕೇಳಿದಳು.

"ಸಾಯೂವಾಗ ಅಳದ ನಗ್ತಾರೇನ ಹುಚ್ಚಿ? ಹಾಡು."

ಕಸ್ತೂರಿ ಡ್ಯೂಟಿಗೆ ಹೊರಟವಳು ಬಾಗಿಲಲ್ಲಿ ನಿಂತು ಇದನ್ನು ಕೇಳಿದಳು. "ಅಣ್ಣಾ, ನಾ ದಿನಾ ಬಸ್ ತುಂಬ ಮಂದಿನ್ನ ಒಯ್ತೀನಿ. ಯಾರಿಗೂ ಇಂಥಲ್ಲೇ ಇಳೀರಿ ಅಂತ ಹೇಳೂದಿಲ್ಲ. ಎಲ್ಲಿಗೆ ಅಂತ ಕೇಳ್ತೀನಿ, ಟಿಕೆಟ್ ಕೊಡ್ತೀನಿ. ನೀ ಒಮ್ಮೆನಾದ್ರೂ ಅಕಿನ್ನ ಎಲ್ಲಿಗೆ ಅಂತ ಕೇಳೀಯೇನು?"

"ನಿನ್ನ ಬಸ್ಸಿನ ಮಾತು ಬಸ್ಸಿನ್ಯಾಗ ಇಟ್ಕೋ. ಇದು ಸಂಗೀತ" ಎಂದ ವಿರೂಪಾಕ್ಷಪ್ಪ.

ದೊಡ್ಡ ಶಾಲೆಯಲ್ಲಿ ಶಾಲ್ಮಲಾ ಒಂದು ತಪ್ಪೂ ಇಲ್ಲದೆ ಹಾಡಿದಳು. ಪರೀಕ್ಷಕರು ಕೇಳಿದ್ದು ಒಂದೇ ಮಾತು. "ಯಾರು ಕಲಿಸಿದ್ದು?"

"ನಮ್ಮ ಮಾಮಾ, ಸರ್."

"ಹೂಂ. ಗೊತ್ತಾಗುತ್ತೆ."

ವಿರೂಪಾಕ್ಷಪ್ಪ ಅದನ್ನು ಹೊಗಳಿಕೆ ಎಂದುಕೊಂಡು ದಾರಿಯುದ್ದಕ್ಕೂ ಮೀಸೆ ತಿರುವಿದ. ಆದರೆ ಸೀಟು ಸಿಗಲಿಲ್ಲ.

ಅವನು ಯೋಚಿಸಿ ಕಾರಣ ಕಂಡುಕೊಂಡ. "ನಾ ಕಲಿಸಿದ್ದು ಸಾಲಲಿಲ್ಲ. ಇನ್ನ ಮ್ಯಾಲೆ ಬೆಳಿಗ್ಗೆನೂ ಸಂಜಿಗೂ ಕೂಡೂಣು."

ಶಾಲ್ಮಲಾ ಮೊದಲೇ ಇನ್ನೊಂದು ಶಾಲೆಗೂ ಅರ್ಜಿ ಹಾಕಿದ್ದಳು, ಯಾರಿಗೂ ಹೇಳದೆ, ತನ್ನ ಮಾತಿನಲ್ಲೇ ಬರೆದು. ಅಲ್ಲಿಂದ ಈಗ ಬಂದ ಕರೆಯ ಕಾಗದವನ್ನು ಮಾಮನ ಮುಂದೆ ಇಟ್ಟಳು. ಅದು ಕೆರೆಯ ದಂಡೆಯ ಒಂದು ಸಣ್ಣ ಶಾಲೆ. ಉಳಿದಿದ್ದ ಅವಕಾಶ ಅದೊಂದೇ. ಅದೂ ತಪ್ಪಿದರೆ ಬಿ.ಕಾಂ.

ಪರೀಕ್ಷೆಯ ದಿನ ಶಾಲೆ ನೋಡಿ ವಿರೂಪಾಕ್ಷಪ್ಪನ ಮುಖ ಸಣ್ಣದಾಯಿತು. ಹಾಡುವ ಮನೆಗೆ ತಗಡಿನ ಮಾಡು. ರಂಗ ತಿರುಗುವುದಿರಲಿ, ಅದರ ಒಂದು ಹಲಗೆ ಅಲುಗಾಡುತ್ತಿತ್ತು. ಅಂಗಳದಲ್ಲಿ ಒಬ್ಬ ಹುಡುಗಿ ಏಣಿಯ ಮೇಲೆ ನಿಂತು ಪರದೆ ಕಟ್ಟುತ್ತ ಹಾಡುತ್ತಿದ್ದಳು. ನಡುವೆ ಸ್ವರ ಜಾರಿತು. ಕೆಳಗೆ ಏಣಿ ಹಿಡಿದಿದ್ದವ, "ಬಿತ್ತು, ಬಿತ್ತು!" ಎಂದ. "ನಾನಾ, ಸ್ವರಾನಾ?" ಎಂದು ಅವಳು ನಕ್ಕು ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಅಲ್ಲೇ ನಿಂತಿದ್ದ ಮೇಷ್ಟ್ರೂ ನಕ್ಕು, ಜಾರಿದ ಜಾಗವನ್ನು ತಾವೊಮ್ಮೆ ಹಾಡಿ ತೋರಿಸಿದರು.

ಶಾಲ್ಮಲಾಳ ಕಣ್ಣು ಅರಳಿತು. "ಮಾಮಾ, ಇಲ್ಲಿ ತಪ್ಪಿದ್ರ ಯಾರೂ ಅಂಜೂದಿಲ್ಲ ನೋಡು. ನನಗ ಇದ ಬೇಕು."

"ಮಾಡು ಸೋರ್ತದೋ ಏನೋ ಮೊದಲ ನೋಡ್ಕೋ" ಎಂದ ಅವನು.

ಒಳಗೆ ಕರೆದಾಗ ಅವಳು ಅವನ ಕೈ ಹಿಡಿದುಕೊಂಡಳು. "ಮಾಮಾ, ಹೊರಗ ಸುಮ್ನ ಕೂಡ್ತಿ ಹೌದಲ್ಲೋ? ತಾಳ ಹಾಕಬ್ಯಾಡ. ಕೆಮ್ಮಬ್ಯಾಡ. ಆಣಿ ಮಾಡು."

"ಆಣಿ" ಎಂದು ಅವನು ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕೂತ.

ಒಳಗೆ ಮೂವರು ಪರೀಕ್ಷಕರಿದ್ದರು. ನಡುವೆ ಕೂತವರು ಶಾಲೆಯ ಮುಖ್ಯಸ್ಥೆ, ಭಾಗೀರಥಿ ಮೇಡಂ. ಶಾಲ್ಮಲಾ ಹಾಡಿದಳು. ಕಲಿಸಿದಲ್ಲಿ ಉಸಿರು ತೆಗೆದುಕೊಂಡಳು. ಕಲಿಸಿದಲ್ಲಿ ಗಂಟಲು ನಡುಗಿತು. ಕಲಿಸಿದ ಮೊಣಕಾಲು ಮೊದಲು ತಾಗಿತು. ರಾಣಿ ಸತ್ತಳು.

ಭಾಗೀರಥಿ ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಮುಂದಿನವರನ್ನು ಕರೆಯಲು ಬಾಯಿ ತೆರೆದರು.

ಆಗ ಕಿಟಕಿಯ ಹೊರಗಿನಿಂದ ಒಂದು ದನಿ ಮಾಡಿನ ತಗಡು ನಡುಗುವಂತೆ ಕೂಗಿತು.

"ಒನ್ಸ್ ಮೋರ್!"

ವಿರೂಪಾಕ್ಷಪ್ಪ ಬೇಕೆಂದು ಕೂಗಿದ್ದಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದವನಿಗೆ ಎಲ್ಲಿದ್ದೇನೆ ಎಂಬುದು ಮರೆತುಹೋಗಿತ್ತು. ಹಾಡು ಮುಗಿದು, ರಾಣಿ ಬಿದ್ದು, ಸುತ್ತ ಮೌನವಾದಾಗ ಅವನು ಆಯುಷ್ಯವಿಡೀ ಕೇಳಿದ ಕೂಗು ತಾನಾಗಿ ಬಾಯಿಗೆ ಬಂದಿತ್ತು. ಬಂದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಒಳಗೆ ಇನ್ನೂ ವಿಚಿತ್ರ ನಡೆಯಿತು. ಸತ್ತ ರಾಣಿ ಎದ್ದು ನಿಂತಳು.

"ಏನಮ್ಮಾ ಇದು?" ಎಂದರು ಒಬ್ಬ ಪರೀಕ್ಷಕರು. "ನೀನು ಸತ್ತೆಯಲ್ಲ!"

"ಹೌದ್ರಿ ಸರ್. ಆದ್ರ ಒನ್ಸ್ ಮೋರ್ ಬಂತಲ್ರಿ."

"ಬಂದರೆ?"

"ಎದ್ದು ಹಾಡಬೇಕ್ರಿ. ಹಾಡಿ ಮತ್ತ ಸಾಯಬೇಕ್ರಿ."

ಅವರಿಗೆ ಸಿಟ್ಟು ಬಂದಿತ್ತು. "ಇದು ಪರೀಕ್ಷೆ. ಹೊರಗೆ ಇನ್ನೂ ಮಕ್ಕಳು ಕಾಯ್ತಿದ್ದಾರೆ" ಎಂದರು. ಭಾಗೀರಥಿ ಮೇಡಂ ಮಾತ್ರ ನಗು ತಡೆಯಲಾರದೆ ಪೆನ್ನಿನ ಮುಚ್ಚಳ ತೆಗೆದರು. "ಸತ್ತವಳೇ ಎದ್ದು ಬಂದಿದ್ದಾಳೆ. ವಾಪಸ್ ಕಳಿಸೋದು ಹೇಗೆ? ಹಾಡಮ್ಮ."

ಶಾಲ್ಮಲಾ ನಿಂತಳು. ಈಗ ಅವಳಿಗೆ ನಿಜವಾದ ಕಷ್ಟ ಹೊಳೆಯಿತು. ಮಾಮ ಹೇಳುತ್ತಿದ್ದ ಕಂಪನಿಯ ಪದ್ಧತಿಯಲ್ಲಿ ಎರಡನೇ ಸಲ ಮೊದಲಿನಂತೆ ಹಾಡುವಂತಿಲ್ಲ. ಮಾಮ ಕಲಿಸಿದ್ದು ಒಂದೇ ಥರ. ಅವಳು ಕಿಟಕಿಯತ್ತ ನೋಡಿದಳು.

ವಿರೂಪಾಕ್ಷಪ್ಪ ಎದ್ದು ನಿಂತಿದ್ದ. ಆ ಹಾಡನ್ನು ಬೇರೆ ಥರ ಹಾಡಿದ ಎಷ್ಟೋ ನಟಿಯರ ದನಿ ಅವನ ಕಿವಿಯಲ್ಲಿತ್ತು. ಒಂದು ಎಳೆ ಗುನುಗಿದರೆ ಸಾಕು, ಜಾಣ ಹುಡುಗಿ ಹಿಡಿದುಕೊಳ್ಳುತ್ತಾಳೆ. ತೋರಿಸಲು ಅವನ ಬಲಗೈ ಮೇಲೆದ್ದಿತು.

ಎದ್ದ ಕೈ ಗಾಳಿಯಲ್ಲೇ ನಿಂತಿತು. ರಂಗದ ಮುಂದೆ ಕೂತ ದಿನಗಳಲ್ಲಿ ಒನ್ಸ್ ಮೋರ್ ಬಂದಾಗ ಅವನ ಪೇಟಿ ಎಂದೂ ಮುಂದೆ ಹೋಗಿರಲಿಲ್ಲ. 'ಎಲ್ಲಿಗೆ ಅಂತ ಕೇಳೀಯೇನು' ಎಂದು ತಂಗಿ ಕೇಳಿದ್ದೂ ಆಗಲೇ ನೆನಪಾಯಿತು.

ಅವನು ಕೈ ಇಳಿಸಿದ. ಟವಲಿನಿಂದ ಬಾಯಿ ಮುಚ್ಚಿ, ಕಾಣದಂತೆ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಕಿಟಕಿ ಖಾಲಿಯಾಯಿತು. ಶಾಲ್ಮಲಾ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಕುದುರೆಯನ್ನು ನೆನೆದಳು. ರಾಣಿ ಅತ್ತರೆ ಕುದುರೆ ಹೋದೀತೇ? ಅಲ್ಲೇ ನಿಂತು ಅದಕ್ಕೂ ಬಾಣ ತಾಗೀತು. ಅದನ್ನು ಹೇಗಾದರೂ ಓಡಿಸಬೇಕು.

ಅವಳು ಹಾಡಲು ತೊಡಗಿದಳು. ಈ ಸಲ ಅಳು ಇರಲಿಲ್ಲ. ಇಲ್ಲದ ಕುದುರೆಯ ಕುತ್ತಿಗೆ ತಟ್ಟಿದಳು, ಕಿವಿ ಹಿಂಡಿದಳು, ರಮಿಸಿದಳು, ಬೈದಳು. ನೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಕ್ಕಳು. ಒಂದು ಕಡೆ ಸ್ವರ ಜಾರಿತು. ಜಾರಿದ್ದನ್ನೇ ಹಿಡಿದು ಮೇಲೆ ಹತ್ತಿದಳು. 'ದಾರಿ ನಿನಗೆ ಗೊತ್ತು' ಎನ್ನುವಾಗ ಬೆನ್ನಿಗೊಂದು ಏಟು ಕೊಟ್ಟು ಓಡಿಸಿಯೇಬಿಟ್ಟಳು. ಪರೀಕ್ಷಕರು ಮೂವರೂ ಬಾಗಿಲಿನತ್ತ ತಿರುಗಿದರು, ಕುದುರೆ ಓಡಿದ್ದನ್ನು ನೋಡಲು! ಅವರು ಇತ್ತ ತಿರುಗುವಷ್ಟರಲ್ಲಿ ರಾಣಿ ಬಿದ್ದಿದ್ದಳು. ಯಾವ ಮೊಣಕಾಲು ಮೊದಲು ತಾಗಿತೋ ಯಾರೂ ನೋಡಲಿಲ್ಲ.

ಭಾಗೀರಥಿ ಮೇಡಂ ಎದ್ದು ಕಿಟಕಿಯ ಹತ್ತಿರ ಬಂದು ಕೆಳಗೆ ಬಗ್ಗಿದರು. "ಒನ್ಸ್ ಮೋರ್ ಅಂದವರು ನೀವೇನು?"

"ತಪ್ಪಾತ್ರಿ ಬಾಯಾರ" ಎಂದು ವಿರೂಪಾಕ್ಷಪ್ಪ ಎದ್ದು ಕೈ ಮುಗಿದ. "ನನಗ ಏನರ ಅನ್ರಿ. ಹುಡುಗೀನ್ನ ಕೈ ಬಿಡಬ್ಯಾಡ್ರಿ."

"ಮೊದಲ ಸಲ ಹಾಡಿದ್ದನ್ನ ಕಲಿಸಿದವರು?"

"ನಾನ್ರಿ."

"ಎರಡನೇದು?"

"ಅದನ್ನ ಯಾರೂ ಕಲಿಸಿಲ್ರಿ. ನಾನೂ ಈಗ ಕೇಳಿದೆ."

"ಮೊದಲ ಸಲ ಕೇಳಿದಾಗ, ಈ ಹುಡುಗಿಗೆ ನಾವು ಕಲಿಸೋದು ಏನೂ ಉಳಿದಿಲ್ಲ ಅನ್ನಿಸ್ತು. ಕಳಿಸೋದರಲ್ಲಿದ್ದೆ" ಎಂದರು ಅವರು. "ಎರಡನೇ ಸಲ ಕೇಳಿದ ಮೇಲೆ ಕಲಿಸೋ ಆಸೆ ಬಂತು. ಕರಕೊಂಡು ಬನ್ನಿ. ಅವಳು ನಮ್ಮವಳು."

ಶಾಲ್ಮಲಾ ಮಾಮನನ್ನು ಎತ್ತಿ ಕುಣಿಸುವುದೊಂದು ಬಾಕಿ. ಗೇಟು ದಾಟುವ ಮೊದಲೇ ಅವ್ವನಿಗೆ ಫೋನು ಮಾಡಿದಳು. ಕಸ್ತೂರಿ ತುಂಬಿದ ಬಸ್ಸಿನಲ್ಲಿದ್ದಳು. ಸುದ್ದಿ ಕೇಳಿ ಅವಳ ಬಾಯಿಂದ ಹೊರಟದ್ದು ಒಂದೇ ಮಾತು: "ರೈಟ್! ರೈಟ್!" ನಿಲ್ದಾಣದಲ್ಲಿ ಜನ ಇನ್ನೂ ಹತ್ತುತ್ತಿದ್ದರು. ಡ್ರೈವರ್ ಗಾಡಿ ಬಿಟ್ಟೇಬಿಟ್ಟ. ಜನ ಕೂಗಿಕೊಂಡಿದ್ದು ಫೋನಿನಲ್ಲೂ ಕೇಳಿಸಿತು.

ಸಂಜೆ ಊರಿಗೆ ಮರಳುವಾಗ ಶಾಲ್ಮಲಾ ಕೇಳಿದಳು. "ಮಾಮಾ, ಆವಾಗ ಕೈ ಎತ್ತಿದ್ದಿ. ಯಾಕ ಇಳಿಸಿದಿ?"

"ಒನ್ಸ್ ಮೋರ್‌ಗೆ ಪೇಟಿ ಹಿಂದ ಬರಬೇಕವಾ" ಎಂದ ವಿರೂಪಾಕ್ಷಪ್ಪ. "ನಾ ನಿನಗ ಮೊದಲನೇ ಸಲನ ಕಲಿಸ್ಕೋತ ಕೂತಿದ್ದೆ." ಆಮೇಲೆ ಅವಳತ್ತ ತಿರುಗಿ, ಅಷ್ಟು ದಿನದಲ್ಲಿ ಒಮ್ಮೆಯೂ ಕೇಳದಿದ್ದ ಮಾತನ್ನು ಕೇಳಿದ.

"ಈಗ ಹೇಳು. ಮುಂದ ಯಾವ ಹಾಡು ಹಾಡ್ತಿ?"

ಅವಳು ಹೇಳತೊಡಗಿದಳು. ಊರು ಬಂದರೂ ಅವಳ ಮಾತು ಮುಗಿಯಲಿಲ್ಲ. ಅವನು ನಡುವೆ ಬಾಯಿ ಹಾಕಲಿಲ್ಲ. ಮೊಣಕಾಲ ಮೇಲೆ ಅವನ ಬೆರಳುಗಳು ಮಾತ್ರ ಮೆಲ್ಲಗೆ, ಅವಳ ಮಾತಿನ ಹಿಂದೆ ಹಿಂದೆ, ಆಡುತ್ತಿದ್ದವು.

ನೀತಿ: ಮಕ್ಕಳ ಕೈ ಹಿಡಿದು ಬಾಗಿಲವರೆಗೆ ಒಯ್ಯುವುದು ಹಿರಿಯರ ಕೆಲಸ, ಒಳಗೆ ಹಾಡಬೇಕಾದವರು ಮಕ್ಕಳೇ. ಕಲಿಸಿದ್ದೆಲ್ಲ ಕಲಿಸಿಯಾದ ಮೇಲೆ, ಎತ್ತಿದ ಕೈಯನ್ನು ಇಳಿಸುವುದೂ ಒಂದು ಸಹಾಯವೇ.